ಎವರೆಸ್ಟ್ ಫೀಸು ಏರಿತು, ಹೊರೆ ಯಾರ ಬೆನ್ನ ಮೇಲಿದೆ?

2025ರ ಸೆಪ್ಟೆಂಬರ್‌ನಿಂದ ನೇಪಾಳ ಸರ್ಕಾರ ಎವರೆಸ್ಟ್ ಹತ್ತುವ ಪರವಾನಗಿ ಶುಲ್ಕ ಏರಿಸಿದೆ. ಹತ್ತು ವರ್ಷದಿಂದ 11,000 ಡಾಲರ್ ಇದ್ದದ್ದು ಈಗ 15,000 ಡಾಲರ್ ಆಗಿದೆ. ನಮ್ಮ ದುಡ್ಡಲ್ಲಿ ಹೆಚ್ಚುಕಮ್ಮಿ 13 ಲಕ್ಷ ರೂಪಾಯಿ. ಇದು ಬರೀ ಕಾಗದದ ಖರ್ಚು. ಏಜೆನ್ಸಿ, ಶೆರ್ಪಾ, ಆಕ್ಸಿಜನ್, ಡೇರೆ, ಊಟ ಎಲ್ಲ ಸೇರಿಸಿದರೆ ಅಗ್ಗದ ಲೆಕ್ಕದಲ್ಲೂ 35-40 ಲಕ್ಷ ಬೇಕು. ಅಷ್ಟು ದುಡ್ಡಿದ್ದರೆ ಕೊಪ್ಪಳದಲ್ಲಿ ಸೈಟು ತಗೊಂಡು ಮನೆಗೆ ಬುನಾದಿಯೂ ಹಾಕಬಹುದು.

ಬೆಲೆ ಏರಿಸಿದ್ದಕ್ಕೆ ಹೇಳುವ ಕಾರಣ ಗೊತ್ತಿರುವಂಥದ್ದೇ: ಗದ್ದಲ, ಕಸ, ಸಾವು. 2019ರ ಮೇ ತಿಂಗಳಲ್ಲಿ ಬಂದ ಒಂದು ಫೋಟೋ ನೆನಪಿರಬಹುದು. ಎವರೆಸ್ಟ್ ತುದಿಯ ಏಣಿನ ಮೇಲೆ ಬಣ್ಣಬಣ್ಣದ ಜಾಕೆಟ್ ಹಾಕಿಕೊಂಡವರು ರೇಷನ್ ಅಂಗಡಿ ಮುಂದೆ ನಿಂತಂತೆ ಸಾಲುಗಟ್ಟಿ ನಿಂತಿದ್ದರು. ಆ ಮೇ 23ರಂದು ಒಂದೇ ದಿನ 350ಕ್ಕೂ ಹೆಚ್ಚು ಜನ ತುದಿ ಮುಟ್ಟಿದರು. ಆ ಋತುವಿನಲ್ಲಿ 11 ಜನ ಸತ್ತರು. 2023ರಲ್ಲಿ ನೇಪಾಳ 478 ಪರವಾನಗಿ ಕೊಟ್ಟಿತು, 18 ಜನ ವಾಪಸ್ ಬರಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ನಾವು ಒಂದೇ ಮಾತು ಆಡುತ್ತೇವೆ. ಹಿಂದೆ ಗುಂಡಿಗೆ ಇದ್ದವರು ಹತ್ತುತ್ತಿದ್ದರು, ಈಗ ದುಡ್ಡಿದ್ದವರು ಹತ್ತುತ್ತಾರೆ ಅಂತ. ನನಗೆ ಈ ಮಾತು ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ದುಡ್ಡು ಮೊದಲೂ ಇತ್ತು. ಇನ್ನೊಬ್ಬರ ಹೊರೆ ಹೊತ್ತವರೂ ಮೊದಲೇ ಇದ್ದರು. ಎತ್ತರದ ಬೆಟ್ಟ ಹತ್ತಿದ ಇತಿಹಾಸ ತೆಗೆದು ನೋಡಿದರೆ, ಯಾರು ಮೇಲೆ ನಿಂತರು ಅನ್ನೋದಕ್ಕಿಂತ ಅವರ ಸಾಮಾನು ಯಾರು ಹೊತ್ತರು ಅನ್ನೋ ಕಥೆಯೇ ದೊಡ್ಡದು. ಶುಲ್ಕ ಏರಿಸಿದರೆ ಏನಾಗುತ್ತದೆ, ಏನಾಗುವುದಿಲ್ಲ ಅಂತ ಅಳೆಯೋಕೆ ಅದೇ ಸರಿಯಾದ ಗಜಕಡ್ಡಿ.

ಗುಡ್ಡ ಹತ್ತುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಕೊಪ್ಪಳದ ಪಾಲ್ಕಿಗುಂಡಿಗೆ ಹೋಗಿ ನೋಡಿ. ಎರಡು ಬಂಡೆಗಳ ಮೇಲೆ ಚಪ್ಪಡಿ ಇಟ್ಟಂತೆ, ಪಲ್ಲಕ್ಕಿಯ ಹಾಗೆ ಕಾಣುವ ಕಲ್ಲು. ಅದರ ಕೆಳಗೆ ಅಶೋಕನ ಶಾಸನ. ಎರಡು ಸಾವಿರ ವರ್ಷಕ್ಕೂ ಹಿಂದೆ ಯಾರೋ ಒಬ್ಬ ಕಲ್ಲುಕುಟಿಗ ಉಳಿ ಸುತ್ತಿಗೆ ಹಿಡಿದು ಅಲ್ಲಿಗೆ ಹತ್ತಿದ್ದಾನೆ. ಆಮೇಲೆ ಕೊಪಣದ ಗುಡ್ಡಗಳಿಗೆ ಜೈನ ಮುನಿಗಳು ಬಂದರು, ಕೆಲವರು ಸಲ್ಲೇಖನ ತಗೊಂಡು ಅಲ್ಲೇ ದೇಹ ಬಿಟ್ಟರು. ಕೋಟೆ ಕಟ್ಟಿದವರು ಹತ್ತಿದರು, ಕೋಟೆ ಹಿಡಿಯಲು ಬಂದವರೂ ಹತ್ತಿದರು. ಅಂಜನಾದ್ರಿಯ 575 ಮೆಟ್ಟಿಲನ್ನು ಇವತ್ತಿಗೂ ಮಾಲೆ ಹಾಕಿದವರು ಬರಿಗಾಲಲ್ಲಿ ಹತ್ತುತ್ತಾರೆ. ಎಲ್ಲರಿಗೂ ಮೇಲೆ ಏನೋ ಒಂದು ಕೆಲಸ ಇತ್ತು. ದೇವರು, ಕಾವಲು, ಬರಹ, ಸಾವು.

ಜಗತ್ತಿನ ಬೇರೆ ಕಡೆಯೂ ಹಾಗೇ. ಅರ್ಜೆಂಟೀನಾ-ಚಿಲಿ ಗಡಿಯಲ್ಲಿ ಲ್ಯುಲ್ಲೈಲ್ಯಾಕೊ ಅನ್ನುವ ಪರ್ವತ ಇದೆ. ಅದರ ಎತ್ತರ 6,739 ಮೀಟರ್. 1999ರಲ್ಲಿ ಅದರ ನೆತ್ತಿಯ ಹತ್ತಿರ ಮೂರು ಮಕ್ಕಳ ಹೆಪ್ಪುಗಟ್ಟಿದ ದೇಹಗಳು ಸಿಕ್ಕವು. ಸುಮಾರು 500 ವರ್ಷದ ಹಿಂದೆ ಇಂಕಾ ಜನ ಬಲಿ ಕೊಟ್ಟ ಮಕ್ಕಳು. ಅಂದರೆ ಯುರೋಪಿನವರು ಹಗ್ಗ ಕೊಡಲಿ ಹಿಡಿಯುವ ಎಷ್ಟೋ ಮುಂಚೆ, ಕಂಬಳಿ ಹೊದ್ದ ಪೂಜಾರಿಗಳು ಅಷ್ಟು ಎತ್ತರ ಹೋಗಿ ಬಂದಿದ್ದರು. ಅದನ್ನು ಯಾರೂ ದಾಖಲೆ ಅಂತ ಬರೆದುಕೊಳ್ಳಲಿಲ್ಲ.

ಸುಮ್ನೆ ಹತ್ತುವುದು, ಅಂದರೆ ತುದಿ ಮುಟ್ಟಬೇಕು ಅಂತಲೇ ಹತ್ತುವುದು, ಸುಮಾರು 240 ವರ್ಷದಿಂದ ಈಚೆಗೆ ಜೋರಾದದ್ದು. ಜಿನೀವಾದ ಶ್ರೀಮಂತ ವಿಜ್ಞಾನಿ ಸೊಸ್ಯೂರ್ 1760ರಲ್ಲಿ ಆಲ್ಪ್ಸ್‌ನ ಮಾಂಟ್ ಬ್ಲಾಂಕ್‌ಗೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುತ್ತೇನೆ ಅಂತ ಸಾರಿದರು. 26 ವರ್ಷ ಬೇಕಾಯಿತು. 1786ರ ಆಗಸ್ಟ್ 8ರಂದು ಶಾಮೋನಿ ಊರಿನ ಇಬ್ಬರು ಮೇಲೆ ನಿಂತರು. ಒಬ್ಬ ಡಾಕ್ಟರ್ ಪಕಾರ್. ಇನ್ನೊಬ್ಬ ಬೆಟ್ಟದಲ್ಲಿ ಸ್ಫಟಿಕ ಹುಡುಕಿ ಮಾರುತ್ತಿದ್ದ ಬಾಲ್ಮಾ. ಬಹುಮಾನ, ಹೆಸರು ಎರಡೂ ಬಾಲ್ಮಾಗೆ ಹೋದವು. ಡಾಕ್ಟರು ನಡೆಯೋಕೂ ಆಗದೆ ಕೂತಿದ್ದರು, ತಾನೇ ಎಳೆದುಕೊಂಡು ಹೋದೆ ಅಂತ ಬಾಲ್ಮಾ ಹೇಳಿಕೊಂಡ. ಅದು ಸುಳ್ಳು ಅಂತ ಸಾಬೀತಾಗೋಕೆ ಬಹಳ ಕಾಲ ಹಿಡಿಯಿತು. ಪಕಾರ್‌ಗೆ ಆ ಊರಿನಲ್ಲಿ ಪ್ರತಿಮೆ ಆದದ್ದು 1986ರಲ್ಲಿ. ಬಡವನಿಗೇ ಯಾವಾಗಲೂ ಅನ್ಯಾಯ ಅಂತ ಸಲೀಸಾಗಿ ಹೇಳೋಕೆ ಇಲ್ಲಿ ಆಗುವುದಿಲ್ಲ ನೋಡಿ. ಆದರೆ ಮರುವರ್ಷವೇ ಸೊಸ್ಯೂರ್ ಸ್ವತಃ ಹತ್ತಿದರು. ಅವರ ಉಪಕರಣ, ಹಾಸಿಗೆ, ಡೇರೆ ಹೊತ್ತುಕೊಂಡು ಜೊತೆಗೆ ಹೋದವರು 18 ಮಾರ್ಗದರ್ಶಿಗಳು. ಇವತ್ತಿನ ಎವರೆಸ್ಟ್ ವ್ಯವಸ್ಥೆಯ ಅಚ್ಚು ಅಲ್ಲೇ ತಯಾರಾಗಿತ್ತು.

1865ರಲ್ಲಿ ಆಲ್ಪ್ಸ್‌ನದೇ ಇನ್ನೊಂದು ಶಿಖರ ಮ್ಯಾಟರ್‌ಹಾರ್ನ್ ಮೇಲೆ ಏನಾಯಿತು ಅನ್ನೋದು ಇನ್ನೂ ಕಹಿ. ಇಂಗ್ಲೆಂಡಿನ ಎಡ್ವರ್ಡ್ ವಿಂಪರ್ ತಂಡದ ಏಳು ಜನ ತುದಿ ಮುಟ್ಟಿದರು. ಇಳಿಯುವಾಗ ಒಬ್ಬ ಜಾರಿದ, ಹಗ್ಗ ತುಂಡಾಯಿತು, ನಾಲ್ವರು ಬಿದ್ದು ಸತ್ತರು. ಉಳಿದವರಲ್ಲಿ ಇಬ್ಬರು ತೌಗ್‌ವಾಲ್ಡರ್ ಅಪ್ಪ-ಮಗ, ಸ್ಥಳೀಯ ಗೈಡುಗಳು. ಅಪ್ಪನೇ ಹಗ್ಗ ಕೊಯ್ದ ಅಂತ ಗುಸುಗುಸು ಶುರುವಾಯಿತು. ವಿಚಾರಣೆಯಲ್ಲಿ ತಪ್ಪಿಲ್ಲ ಅಂತ ಆದರೂ ಆ ಅಪವಾದ ಆ ಮನುಷ್ಯನನ್ನು ಬಿಡಲೇ ಇಲ್ಲ. ವಿಂಪರ್ ಮಾತ್ರ ಜಗತ್ಪ್ರಸಿದ್ಧನಾದ.

ಈ ಹೊತ್ತಿಗೆ ಭಾರತದಲ್ಲಿ ಬೇರೆಯೇ ಒಂದು ಕೆಲಸ ನಡೆದಿತ್ತು. ಲ್ಯಾಂಬ್ಟನ್ 1802ರಲ್ಲಿ ಮದರಾಸಿನಿಂದ ಶುರು ಮಾಡಿದ ಮಹಾ ಮೋಜಣಿ. ಅರ್ಧ ಟನ್ ತೂಕದ, ಕೋನ ಅಳೆಯುವ ಥಿಯೊಡಲೈಟ್ ಯಂತ್ರ ಹೊತ್ತು, ಬೆಂಗಳೂರು ಮುಟ್ಟಿ, ನಮ್ಮ ಈ ಸೀಮೆಯ ಪಕ್ಕದಲ್ಲೇ ಬೀದರ್ ಕಡೆಗೆ ಹಾದು ಉತ್ತರಕ್ಕೆ ಹೋದ ಅಳತೆ ಅದು. ಗುಡ್ಡ ಕಂಡಲ್ಲೆಲ್ಲ ಹತ್ತಬೇಕು, ಮೇಲೆ ನಿಂತು ಕೋನ ಅಳೆಯಬೇಕು. ಅದೇ ಲೆಕ್ಕ ಹಿಮಾಲಯಕ್ಕೆ ಹೋಗಿ, 1852ರಲ್ಲಿ ರಾಧಾನಾಥ ಸಿಕ್ದಾರ್ ಅನ್ನುವ ಬಂಗಾಳಿ ಗಣಿತಜ್ಞರು ಶಿಖರ 15ಕ್ಕೇ ಎಲ್ಲಕ್ಕಿಂತ ಜಾಸ್ತಿ ಎತ್ತರ ಅಂತ ಕಂಡುಕೊಂಡರು. 1856ರಲ್ಲಿ ಅದನ್ನು 29,002 ಅಡಿ ಅಂತ ಪ್ರಕಟಿಸಿದರು. ಈಗ ಒಪ್ಪಿರುವ ಎತ್ತರ 8,848.86 ಮೀಟರ್, ಅಂದರೆ 29,032 ಅಡಿ. ದೂರದ ಬಯಲಲ್ಲಿ ನಿಂತು ಅಳೆದವರು ಬರೀ 30 ಅಡಿ ತಪ್ಪಿದ್ದರು! ಹೆಸರು ಮಾತ್ರ ಆ ಹೊತ್ತಿಗೆ ನಿವೃತ್ತರಾಗಿದ್ದ ಮೋಜಣಿಯ ಹಳೆ ಸಾಹೇಬ ಜಾರ್ಜ್ ಎವರೆಸ್ಟ್ ಅವರದ್ದು ಇಟ್ಟರು.

ಅದೇ ಮೋಜಣಿಯ ಇನ್ನೊಂದು ಘಟನೆ ನನಗೆ ಬಹಳ ಇಷ್ಟ. 1860ರಲ್ಲಿ ಸ್ಪಿತಿ ಕಡೆಯ ಶಿಲ್ಲಾ ಶಿಖರಕ್ಕೆ ಒಬ್ಬ ಖಲಾಸಿ ಗುರುತಿನ ಕಂಬ ಹೊತ್ತುಕೊಂಡು ಹತ್ತಿದ. ಆಗ ಅದರ ಎತ್ತರ 7,000 ಮೀಟರ್ ದಾಟುತ್ತದೆ ಅಂದುಕೊಂಡಿದ್ದರು, ಹಾಗಾಗಿ ಎಷ್ಟೋ ವರ್ಷ ಅದೇ ವಿಶ್ವದಾಖಲೆ ಅಂತ ಪುಸ್ತಕಗಳಲ್ಲಿತ್ತು. ಆಮೇಲೆ ಅಳೆದರೆ 6,132 ಮೀಟರ್. ಆದರೂ ಸಣ್ಣದೇನಲ್ಲ, ಆಲ್ಪ್ಸ್‌ನಲ್ಲಿ ಅಷ್ಟು ಎತ್ತರವೇ ಇಲ್ಲ. ಆ ಖಲಾಸಿಯ ಹೆಸರು ಎಲ್ಲೂ ಇಲ್ಲ. ಸಂಬಳಕ್ಕೆ ಹತ್ತಿದ, ಕಂಬ ನೆಟ್ಟ, ಇಳಿದ.

ಎವರೆಸ್ಟ್‌ನ ಮೊದಲ ದೊಡ್ಡ ಪ್ರಯತ್ನ 1922ರದ್ದು. ಜೂನ್ 7ರಂದು ಹಿಮ ಕುಸಿದು ಏಳು ಜನ ಸತ್ತರು. ಏಳೂ ಜನ ಹೊರೆ ಹೊರುವವರು, ಒಬ್ಬ ಸಾಹೇಬನೂ ಅಲ್ಲ. ತಂಡದಲ್ಲಿದ್ದ ಡಾಕ್ಟರ್ ಸೋಮರ್‌ವೆಲ್‌ಗೆ ಇದು ಚುಚ್ಚುತ್ತಲೇ ಇತ್ತು. ಅವರ ಜೊತೆ ನಮ್ಮಲ್ಲೂ ಒಬ್ಬ ಸತ್ತಿದ್ದರೆ ಎಷ್ಟೋ ಸಮಾಧಾನ ಇರುತ್ತಿತ್ತು ಅನ್ನುವ ಅರ್ಥದ ಮಾತು ಬರೆದುಕೊಂಡರು. ಆಮೇಲೆ ಅವರು ಊರಿಗೆ ಹೋಗಿ ದೊಡ್ಡ ಡಾಕ್ಟರ್ ಆಗಲಿಲ್ಲ. ತಿರುವಾಂಕೂರಿನ ನೆಯ್ಯೂರಿಗೆ ಬಂದು ಮಿಷನ್ ಆಸ್ಪತ್ರೆಯಲ್ಲಿ ದಶಕಗಟ್ಟಲೆ ಬಡವರಿಗೆ ಚಿಕಿತ್ಸೆ ಮಾಡಿದರು.

1953ರ ಮೇ 29ರ ಬೆಳಿಗ್ಗೆ 11:30ಕ್ಕೆ ಹಿಲರಿ, ತೇನ್‌ಸಿಂಗ್ ಇಬ್ಬರೂ ಮೇಲೆ ನಿಂತರು ಅನ್ನೋದು ಶಾಲೆಯಲ್ಲೇ ಓದಿದ್ದೇವೆ. ಆ ಇಬ್ಬರ ಹಿಂದೆ 350ರಷ್ಟು ಹಮಾಲರು ಕಠ್ಮಂಡು ಕಡೆಯಿಂದ ಸಾಮಾನು ಹೊತ್ತು ನಡೆದಿದ್ದರು ಅನ್ನೋದನ್ನು ಯಾರೂ ಓದಿಸಲಿಲ್ಲ. ತೇನ್‌ಸಿಂಗ್ ಕೂಡ 1935ರಲ್ಲಿ ಎವರೆಸ್ಟ್‌ಗೆ ಮೊದಲು ಹೋಗಿದ್ದು ಹೊರೆ ಹೊರುವ ಆಳಾಗಿಯೇ. ಇಳಿದು ಬಂದ ಮೇಲೆ ಹಿಲರಿಗೂ ತಂಡದ ನಾಯಕ ಹಂಟ್‌ಗೂ ಸರ್ ಪದವಿ ಸಿಕ್ಕಿತು. ತೇನ್‌ಸಿಂಗ್‌ಗೆ ಒಂದು ಪದಕ. ಮೊದಲು ಕಾಲಿಟ್ಟದ್ದು ಯಾರು ಅಂತ ಪತ್ರಿಕೆಯವರು ಜೀವ ತಿಂದರು. ಎರಡು ವರ್ಷ ಬಿಟ್ಟು ತೇನ್‌ಸಿಂಗ್ ತಾವೇ ಹಿಲರಿ ಮುಂದಿದ್ದರು ಅಂತ ಹೇಳಿ ಚರ್ಚೆ ಮುಗಿಸಿದರು. 1954ರಲ್ಲಿ ಜಗತ್ತಿನ ಎರಡನೇ ಅತಿ ಎತ್ತರದ ಶಿಖರ ಕೆ2 ಮೇಲೆ ಇಟಲಿಯವರ ತಂಡಕ್ಕೆ ಆಕ್ಸಿಜನ್ ಹೊತ್ತು ತಂದ ಹುಂಜಾದ ಅಮೀರ್ ಮೆಹ್ದಿ, 8,000 ಮೀಟರಿನ ಮೇಲೆ ಡೇರೆ ಇಲ್ಲದೆ ರಾತ್ರಿ ಕಳೆದು ಕಾಲ್ಬೆರಳು ಕಳೆದುಕೊಂಡರು. ಇಟಲಿ ಸಂಭ್ರಮಿಸಿತು.

ಇಲ್ಲಿ ರಾಯಚೂರು ಕೋಟೆ ನೆನಪಾಗುತ್ತದೆ. ಕೋಟೆ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲು ಇದೆ. 1294ರ ಶಾಸನ ಅದರ ಮೇಲಿದೆ, ಕೋಟೆ ಕಟ್ಟಿಸಿದ ದಂಡನಾಯಕ ಗೋರೆ ಗಂಗಯ್ಯ ರೆಡ್ಡಿಯ ಹೆಸರಿದೆ. ಅಷ್ಟೇ ಇದ್ದಿದ್ದರೆ ಎಲ್ಲ ಶಾಸನಗಳ ಹಾಗೆ ಅದೂ ಒಂದು. ಆದರೆ ಅದರ ಹತ್ತಿರವೇ ಗೆರೆಯಲ್ಲಿ ಕೆತ್ತಿದ ಚಿತ್ರ ಇದೆ. ಆ ಉದ್ದನೆ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಕೋಣಗಳ ಸಾಲು. ಬಂಡಿಯವರು ಹುರಿದುಂಬಿಸುತ್ತಿದ್ದಾರೆ, ಹಿಂದೆ ಕೆಲವರು ಸನ್ನೆಗೋಲು ಹಾಕಿ ಗಾಲಿ ದೂಡುತ್ತಿದ್ದಾರೆ. ದಂಡನಾಯಕನ ಹೆಸರಿನ ಪಕ್ಕದಲ್ಲಿ ದೂಡಿದವರಿಗೂ ಜಾಗ ಕೊಟ್ಟಿದ್ದಾರೆ. ರಾಯಚೂರಿನವರೇ ಎಷ್ಟೋ ಜನ ಅದನ್ನು ನೋಡಿಲ್ಲ ಅನ್ನೋದು ಬೇರೆ ಮಾತು.

ಸರಿ, ಇವತ್ತಿನ ವಿಷಯಕ್ಕೆ ಬರೋಣ. ಹೊರೆಯ ಲೆಕ್ಕ ಅರ್ಥ ಆಗಬೇಕಾದರೆ ಆಕ್ಸಿಜನ್ ಸಿಲಿಂಡರ್ ಹಿಡಿದುಕೊಂಡು ನೋಡಬೇಕು. ಬಳ್ಳಾರಿ ಭಾಗದವರಿಗೆ ಇದು ಬೇಗ ತಿಳಿಯುತ್ತದೆ. 2021ರ ಕೋವಿಡ್ ಅಲೆಯಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಟ್ಯಾಂಕರ್‌ಗಟ್ಟಲೆ ಆಕ್ಸಿಜನ್ ಹೋದದ್ದು, ನಿಮಿಷಕ್ಕೆ ಎಷ್ಟು ಲೀಟರ್ ಅನ್ನೋ ಮಾತು ಮನೆಮನೆಗೂ ಬಂದದ್ದು ಮರೆತಿಲ್ಲ ಅಲ್ವಾ? ಎವರೆಸ್ಟ್ ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಒಂದರಷ್ಟು. ಗಾಳಿಯಲ್ಲಿ ಆಕ್ಸಿಜನ್ ಪಾಲು ಅಲ್ಲೂ 21 ಶೇಕಡವೇ. ಒತ್ತಡ ಇಲ್ಲದ್ದರಿಂದ ಒಂದು ಉಸಿರಿಗೆ ಸಿಗುವುದು ಕಮ್ಮಿ. 8,000 ಮೀಟರಿನ ಮೇಲೆ ದೇಹ ಎಷ್ಟು ದಿನ ಇದ್ದರೂ ಒಗ್ಗಿಕೊಳ್ಳುವುದಿಲ್ಲ, ಸವೆಯುತ್ತಾ ಹೋಗುತ್ತದೆ.

ಈಗ ಅಲ್ಲಿ ಬಳಸುವ, ಆಕ್ಸಿಜನ್ ಒತ್ತಿ ತುಂಬಿದ 4 ಲೀಟರ್ ಅಳತೆಯ ಸಿಲಿಂಡರ್ ಸುಮಾರು ಮೂರೂವರೆ ಕೆಜಿ ತೂಗುತ್ತದೆ. ನಿಮಿಷಕ್ಕೆ 2 ಲೀಟರ್ ಬಿಟ್ಟುಕೊಂಡರೆ ಎಂಟರಿಂದ ಹತ್ತು ಗಂಟೆ ಬರುತ್ತದೆ. ಗ್ರಾಹಕರಿಗೆ ಸುಸ್ತು ಕಮ್ಮಿ ಆಗಲಿ ಅಂತ ಈಗಿನ ಎಷ್ಟೋ ಏಜೆನ್ಸಿಗಳು ನಿಮಿಷಕ್ಕೆ 4 ಲೀಟರ್ ಬಿಡುತ್ತವೆ. ಆಗ ಅದು ನಾಲ್ಕೈದು ಗಂಟೆಗೇ ಖಾಲಿ. ಅಂದರೆ ಹತ್ತುವವರಿಗೆ ಆರಾಮ ಹೆಚ್ಚಾದಷ್ಟೂ ಸಿಲಿಂಡರ್ ಎರಡು ಪಟ್ಟಾಗುತ್ತದೆ. ಆ ಸಿಲಿಂಡರ್‌ಗಳು ತಾವಾಗಿ ಮೇಲೆ ಹೋಗುವುದಿಲ್ಲ. ಖುಂಬು ಐಸ್‌ಫಾಲ್ ದಾಟಿ, ಪಕ್ಕದ ಲೋತ್ಸೆ ಶಿಖರದ ಹಿಮದ ಗೋಡೆ ಹತ್ತಿ, 7,900 ಮೀಟರ್ ಎತ್ತರದ ಕೊನೆಯ ಕ್ಯಾಂಪ್ ಸೌತ್ ಕೋಲ್‌ವರೆಗೆ ಶೆರ್ಪಾ ಬೆನ್ನ ಮೇಲೇ ಹೋಗಬೇಕು.

ಆ ಐಸ್‌ಫಾಲ್ ಅಂದರೆ ಸದಾ ಜರಗುವ ಹಿಮದ ಗಡ್ಡೆಗಳ ರಾಶಿ. ಯಾವ ಗಡ್ಡೆ ಯಾವಾಗ ಉರುಳುತ್ತದೆ ಅಂತ ಯಾರಿಗೂ ಹೇಳೋಕೆ ಆಗಲ್ಲ. ಗ್ರಾಹಕರು ಅಲ್ಲಿ ಎರಡು ಮೂರು ಸಲ ಓಡಾಡಿದರೆ ಜಾಸ್ತಿ. ಅದನ್ನೂ ತಪ್ಪಿಸೋಕೆ ಈಗ ಬೇರೆ ಕಡೆಯ ಸಣ್ಣ ಬೆಟ್ಟಗಳಲ್ಲಿ ಒಗ್ಗಿಕೊಂಡು ಬರುತ್ತಾರೆ. ಶೆರ್ಪಾ ಹತ್ತಾರು ಸಲ ದಾಟಬೇಕು, ಅದೂ ರಾತ್ರಿ ಹೊತ್ತು, ಬೆನ್ನ ಮೇಲೆ ಹೊರೆ ಹೊತ್ತು. 2014ರ ಏಪ್ರಿಲ್ 18ರಂದು ಹಿಮ ಕುಸಿದು ಅಲ್ಲಿ ಸತ್ತ 16 ಜನರೂ ನೇಪಾಳದ ಕೆಲಸಗಾರರು. ಸರ್ಕಾರ ಮೊದಲು ಒಂದೊಂದು ಮನೆಗೆ ಕೊಡ್ತೀನಿ ಅಂದದ್ದು 40,000 ನೇಪಾಳಿ ರೂಪಾಯಿ, ನಮ್ಮ 25,000. ಅಂತ್ಯಕ್ರಿಯೆ ಖರ್ಚಿಗೆ! ಶೆರ್ಪಾಗಳು ಸಿಟ್ಟಾಗಿ ಕೆಲಸ ನಿಲ್ಲಿಸಿದರು, ಆ ವರ್ಷದ ಋತು ಅಲ್ಲಿಗೇ ಮುಗಿಯಿತು. ವಿಮೆ ಹೆಚ್ಚಾಗಿದ್ದು ಆ ಗಲಾಟೆಯ ನಂತರ. ಎವರೆಸ್ಟ್‌ನಲ್ಲಿ ಇವತ್ತಿನವರೆಗೆ ಸತ್ತ 300ಕ್ಕೂ ಹೆಚ್ಚು ಜನರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಜನ ಕೂಲಿಗೆ ಹೋದವರು.

ಹಾಗಂತ ಏನೂ ಬದಲಾಗಿಲ್ಲ ಅಂದರೆ ಅದೂ ತಪ್ಪು. 1985ರಲ್ಲಿ ಅಮೆರಿಕದ ಉದ್ಯಮಿ ಡಿಕ್ ಬಾಸ್ ಗೈಡ್ ಜೊತೆ ತುದಿ ಮುಟ್ಟಿದ ಮೇಲೆ ಇದು ವ್ಯಾಪಾರ ಆಯಿತು. ತೊಂಬತ್ತರ ದಶಕದಲ್ಲಿ ಆ ವ್ಯಾಪಾರ ವಿದೇಶಿ ಕಂಪನಿಗಳ ಕೈಯಲ್ಲಿತ್ತು. ಈಗ ದೊಡ್ಡ ಪಾಲು ನೇಪಾಳದವರೇ ನಡೆಸುವ ಕಂಪನಿಗಳದ್ದು. ಕಾಮಿ ರೀತಾ ಶೆರ್ಪಾ 2025ರ ಮೇ ತಿಂಗಳಲ್ಲಿ 31ನೇ ಸಲ ಎವರೆಸ್ಟ್ ಹತ್ತಿದರು, ಪತ್ರಿಕೆಗಳು ಅವರ ಹೆಸರನ್ನೇ ತಲೆಬರಹ ಮಾಡಿದವು. 2021ರ ಜನವರಿ 16ರಂದು ಹತ್ತು ಜನ ನೇಪಾಳಿಗಳು ಚಳಿಗಾಲದ ಕೆ2 ಹತ್ತಿದರು. ಅಲ್ಲಿಯವರೆಗೆ ಯಾರಿಗೂ ಆಗದ ಕೆಲಸ ಅದು. ತುದಿಗೆ ಹತ್ತು ಮೀಟರ್ ಇರುವಾಗ ಮುಂದಿನವರು ನಿಂತು ಹಿಂದಿನವರಿಗೆ ಕಾದರು. ಎಲ್ಲರೂ ಒಟ್ಟಿಗೆ ರಾಷ್ಟ್ರಗೀತೆ ಹಾಡುತ್ತಾ ತುದಿಗೆ ಕಾಲಿಟ್ಟರು. ಮೊದಲು ಯಾರು ಅನ್ನೋ ಪ್ರಶ್ನೆಯೇ ಇಲ್ಲದ ಹಾಗೆ ಮಾಡಿಬಿಟ್ಟರು.

ಆದರೆ 2023ರ ಎರಡು ಘಟನೆಗಳೂ ಇವೆ. ಮೇ ತಿಂಗಳಲ್ಲಿ ಗೆಲ್ಜೆ ಶೆರ್ಪಾ ತನ್ನ ಗ್ರಾಹಕನನ್ನು ತುದಿಗೆ ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಮಲೇಷ್ಯಾದ ಒಬ್ಬರು ಹಗ್ಗ ಹಿಡಿದು ನಡುಗುತ್ತಾ ಬಿದ್ದಿದ್ದರು. ಗೆಲ್ಜೆ ತನ್ನ ಗ್ರಾಹಕನಿಗೆ ತುದಿಯ ಆಸೆ ಬಿಡಿ ಅಂತ ಹೇಳಿ ಒಪ್ಪಿಸಿದರು. ಬಿದ್ದವರನ್ನು ಚಾಪೆಯಲ್ಲಿ ಸುತ್ತಿ, ಬೆನ್ನಿಗೆ ಕಟ್ಟಿಕೊಂಡು, ಕೆಲವೊಮ್ಮೆ ಹಿಮದ ಮೇಲೆ ಎಳೆದುಕೊಂಡು, ಸುಮಾರು ಆರು ಗಂಟೆ ಇಳಿದರು. ಬದುಕಿ ಊರು ಸೇರಿದವರು ಮೊದಲು ಧನ್ಯವಾದ ಹೇಳಿದ್ದು ಪ್ರಾಯೋಜಕರಿಗೆ. ಜನ ಉಗಿದ ಮೇಲೆ ಗೆಲ್ಜೆ ಹೆಸರು ಬಂತು. ಎರಡು ತಿಂಗಳಿಗೆ ಕೆ2 ಮೇಲೆ ಪಾಕಿಸ್ತಾನದ ಹಮಾಲ ಮೊಹಮ್ಮದ್ ಹಸನ್ ಇಕ್ಕಟ್ಟಾದ ದಾರಿಯಲ್ಲಿ ಬಿದ್ದು ಸಾಯುತ್ತಿದ್ದಾಗ, ಹತ್ತುವವರು ಒಬ್ಬೊಬ್ಬರಾಗಿ ದಾಟಿ ಮುಂದೆ ಹೋದ ವಿಡಿಯೋ ಜಗತ್ತು ನೋಡಿತು.

ಈಗ ಶುಲ್ಕಕ್ಕೆ ಬನ್ನಿ. 50,000 ಡಾಲರ್ ಖರ್ಚು ಮಾಡಲು ತಯಾರಿರುವವರಿಗೆ ಇನ್ನೂ 4,000 ಡಾಲರ್ ದೊಡ್ಡದೇನಲ್ಲ. ಸಾಲು ಕರಗುವುದಿಲ್ಲ. ನಿಜವಾಗಿ ಪೆಟ್ಟು ಬೀಳುವುದು ದೇಣಿಗೆ ಎತ್ತಿ, ಬ್ಯಾಂಕ್ ಸಾಲ ಮಾಡಿ ಹೋಗುವ ನಮ್ಮಂಥ ಊರಿನ ಹುಡುಗ ಹುಡುಗಿಯರಿಗೆ. ಅವರು ಏನು ಮಾಡುತ್ತಾರೆ? ಎಲ್ಲಕ್ಕಿಂತ ಅಗ್ಗದ ಏಜೆನ್ಸಿ ಹುಡುಕುತ್ತಾರೆ. ಅಗ್ಗ ಆಗುವುದು ಎಲ್ಲಿ? ಅನುಭವ ಇಲ್ಲದ ಶೆರ್ಪಾ, ಲೆಕ್ಕಕ್ಕೆ ಬಿಗಿಯಾದ ಸಿಲಿಂಡರ್. ಸಾವು ಕಮ್ಮಿ ಮಾಡಲು ಏರಿಸಿದ ಶುಲ್ಕ ಸುತ್ತಿ ಬಳಸಿ ಸಾವಿನ ದಾರಿಯನ್ನೇ ಅಗಲ ಮಾಡಬಹುದು. ಇದು ನನ್ನ ಅಂದಾಜು, ಆದರೆ ಸುಮ್ನೆ ಹೇಳುತ್ತಿಲ್ಲ.

ಅದಕ್ಕಿಂತ ಕೆಲಸಕ್ಕೆ ಬರುವ ಎರಡು ವಿಷಯ ಇವೆ. ಒಂದು, 8,000 ಮೀಟರಿನ ಮೇಲಿನ ಬೆಟ್ಟಗಳಲ್ಲಿ ಇಬ್ಬರು ಹತ್ತುವವರಿಗೆ ಕನಿಷ್ಠ ಒಬ್ಬ ಗೈಡ್ ಇರಲೇಬೇಕು ಅನ್ನುವ ಹೊಸ ನಿಯಮ. ಜೊತೆಗೆ, ಎವರೆಸ್ಟ್‌ಗೆ ಬರುವ ಮುಂಚೆ 7,000 ಮೀಟರಿನ ಒಂದು ಶಿಖರ ಹತ್ತಿರಬೇಕು ಅನ್ನುವ ಪ್ರಸ್ತಾವ. ಅನುಭವ ಕೇಳುವುದು ದುಡ್ಡು ಕೇಳುವುದಕ್ಕಿಂತ ನ್ಯಾಯ. ಎರಡನೆಯದು ಡ್ರೋನ್. 2025ರ ಋತುವಿನಲ್ಲಿ ಬೇಸ್ ಕ್ಯಾಂಪಿನಿಂದ ಮೊದಲ ಕ್ಯಾಂಪಿಗೆ ಏಣಿ, ಹಗ್ಗ ಸಾಗಿಸಲು, ಕಸ ಕೆಳಗಿಳಿಸಲು ಡ್ರೋನ್ ಬಳಸಿದರು. ಶೆರ್ಪಾಗೆ ಗಂಟೆಗಟ್ಟಲೆ ಹಿಡಿಯುವ ಐಸ್‌ಫಾಲ್ ದಾರಿ ಅದಕ್ಕೆ ಕೆಲವೇ ನಿಮಿಷ. ಬೆಟ್ಟದ ಮರ್ಯಾದೆ ಹೋಯಿತು ಅಂತ ಗೊಣಗುವವರು ಇದ್ದಾರೆ. ಅವರು ಹತ್ತು ಸಲ ಆ ಹಿಮದ ಗಡ್ಡೆಗಳ ಕೆಳಗೆ ಸಿಲಿಂಡರ್ ಹೊತ್ತು ಓಡಾಡಿ ಬರಲಿ.

ಅದೇ 2025ರ ಮೇನಲ್ಲಿ ನಾಲ್ವರು ಬ್ರಿಟಿಷರು, ಎತ್ತರಕ್ಕೆ ದೇಹ ಬೇಗ ಒಗ್ಗಲಿ ಅಂತ ಜೆನಾನ್ ಅನಿಲ ಉಸಿರಲ್ಲಿ ಎಳೆದುಕೊಂಡು, ಲಂಡನ್ನಿನಿಂದ ಹೊರಟು ಒಂದು ವಾರದೊಳಗೆ ಎವರೆಸ್ಟ್ ಹತ್ತಿ ವಾಪಸ್ ಹೋದರು. ಜೆನಾನ್‌ನಿಂದ ಲಾಭ ಇದೆ ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಪರ್ವತಾರೋಹಣದ ಅಂತರರಾಷ್ಟ್ರೀಯ ಒಕ್ಕೂಟ ಮೊದಲೇ ಹೇಳಿತ್ತು. ಅವರು ಮನೆಯಲ್ಲೇ ಕಮ್ಮಿ ಆಕ್ಸಿಜನ್ ಡೇರೆಯಲ್ಲಿ ವಾರಗಟ್ಟಲೆ ಮಲಗಿ ತಯಾರಾಗಿದ್ದರು, ಬಹುಶಃ ಅದೇ ಕೆಲಸ ಮಾಡಿತು. ಏನೇ ಆಗಲಿ, ಹಗ್ಗ ಕಟ್ಟಿದ್ದು, ಕ್ಯಾಂಪ್ ಹಾಕಿದ್ದು, ಸಿಲಿಂಡರ್ ಇಟ್ಟದ್ದು ವಾರದ ಕೆಲಸ ಅಲ್ಲ.

ನಮ್ಮ ಮಕ್ಕಳ ವಿಷಯ ಉಳಿಯಿತು. ಎವರೆಸ್ಟ್‌ಗೆ ದಾರಿ ಡಾಲರ್‌ನಿಂದಲೇ ಶುರುವಾಗಬೇಕು ಅಂತಿಲ್ಲ. 2014ರ ಮೇ 25ರಂದು ನಿಜಾಮಾಬಾದ್ ಜಿಲ್ಲೆಯ ಲಂಬಾಣಿ ಹುಡುಗಿ ಮಾಲಾವತ್ ಪೂರ್ಣಾ 13 ವರ್ಷ 11 ತಿಂಗಳಿಗೆ ಟಿಬೆಟ್ ಕಡೆಯಿಂದ ಎವರೆಸ್ಟ್ ಹತ್ತಿದಳು. ಅಪ್ಪ ಅಮ್ಮ ಕೃಷಿ ಕೂಲಿ. ಅವಳು ಓದುತ್ತಿದ್ದದ್ದು ಸಮಾಜ ಕಲ್ಯಾಣ ವಸತಿ ಶಾಲೆಯಲ್ಲಿ. ಮೊದಲ ಪಾಠ ಆಗಿದ್ದು ಹೈದರಾಬಾದ್ ಹತ್ತಿರದ ಭುವನಗಿರಿಯ ಏಕಶಿಲಾ ಗುಡ್ಡದ ಮೇಲೆ. ಸರ್ಕಾರಿ ಹಾಸ್ಟೆಲ್ ಮಕ್ಕಳಿಗೆ ಹಗ್ಗ ಕೊಟ್ಟು, ಆಮೇಲೆ ಡಾರ್ಜಿಲಿಂಗ್‌ಗೆ ಕಳಿಸಿ, ಹಂತಹಂತವಾಗಿ ತಯಾರು ಮಾಡಿದರು. ಅಷ್ಟು ಸಣ್ಣ ವಯಸ್ಸಿಗೆ ಕಳಿಸಿದ್ದು ಸರಿಯೇ ಅನ್ನುವ ವಾದ ಇದೆ, ಅದರಲ್ಲಿ ತೂಕವೂ ಇದೆ. ಆದರೆ ಆ ಗುಡ್ಡದ ಪಾಠ?

ಬಂಡೆಗೆ ನಮ್ಮಲ್ಲಿ ಬರ ಇಲ್ಲ. ಬಳ್ಳಾರಿ ಗುಡ್ಡ ಇದೆ, ಆನೆಗೊಂದಿ-ಸಾಣಾಪುರದ ಗುಂಡುಗಳಿವೆ. ಇವು 250 ಕೋಟಿ ವರ್ಷದ ಕಣಶಿಲೆ, ಅಂದರೆ ಗ್ರಾನೈಟ್, ಹಿಮಾಲಯ ಇವುಗಳ ಮುಂದೆ ಕೂಸು. ಚಳಿಗಾಲ ಬಂದರೆ ಸಾಣಾಪುರಕ್ಕೆ ದೇಶವಿದೇಶದಿಂದ ಬೌಲ್ಡರಿಂಗ್ ಮಾಡುವವರು ಬರುತ್ತಾರೆ. ಬಂಡೆ ಕಾಯುವ ಮುಂಚೆ ನಸುಕಿನಲ್ಲಿ, ಇಲ್ಲ ಹೊತ್ತು ಇಳಿದ ಮೇಲೆ, ಕೈಗೆ ಸುಣ್ಣದಂಥ ಬಿಳಿ ಪುಡಿ ಹಚ್ಚಿಕೊಂಡು, ಕೆಳಗೆ ದಪ್ಪನೆ ಕ್ರ್ಯಾಶ್ ಪ್ಯಾಡ್ ಹಾಸಿ ಹತ್ತುತ್ತಾರೆ. ಹಗ್ಗವೂ ಬೇಡ, ಸಿಲಿಂಡರೂ ಬೇಡ. ನಮ್ಮ ಹುಡುಗರು ಪ್ಯಾಡ್ ಬಾಡಿಗೆಗೆ ಕೊಡುತ್ತಾರೆ, ಸ್ಕೂಟರ್ ಬಾಡಿಗೆಗೆ ಕೊಡುತ್ತಾರೆ. ಹತ್ತುವವರು ಅವರಲ್ಲಿ ಕಮ್ಮಿ.

ಕೋಟೆ, ಸ್ಮಾರಕ ಇರುವ ಗುಡ್ಡಗಳಲ್ಲಿ ಹಗ್ಗ ಕಟ್ಟುವ ಮೊಳೆ ಹೊಡೆಯೋಕೆ ಪುರಾತತ್ವ ಇಲಾಖೆ ಬಿಡುವುದಿಲ್ಲ, ಬಿಡಲೂಬಾರದು. ಸ್ಮಾರಕ ಇಲ್ಲದ ಗುಡ್ಡ ಜಿಲ್ಲೆಗೆ ಎಷ್ಟೋ ಇವೆ, ಆದರೆ ಅವುಗಳ ಮೇಲೆ ಕಲ್ಲು ಕ್ವಾರಿಯವರ ಕಣ್ಣಿದೆ. ಅಂಥ ಒಂದೆರಡು ಗುಡ್ಡಗಳನ್ನು ಹಾಸ್ಟೆಲ್ ಮಕ್ಕಳ ತರಬೇತಿಗೆ ಅಂತ ಜಿಲ್ಲಾಡಳಿತ ಈಗಲೇ ಗುರುತಿಸಿ ಇಡಬಹುದು. ಅಲ್ಲಿಂದ ಮುಂದೆ ಡಾರ್ಜಿಲಿಂಗ್‌ನಲ್ಲಿ 1954ರಲ್ಲಿ ಶುರುವಾದ ಪರ್ವತಾರೋಹಣ ಸಂಸ್ಥೆ ಇದೆ, ಉತ್ತರಕಾಶಿಯಲ್ಲಿ 1965ರದ್ದು ಇದೆ. ಎರಡರಲ್ಲೂ ಹೆಚ್ಚುಕಮ್ಮಿ ನಾಲ್ಕು ವಾರದ ಬೇಸಿಕ್ ಕೋರ್ಸ್ ನಡೆಯುತ್ತದೆ. ಖರ್ಚು ಎವರೆಸ್ಟ್ ಪರವಾನಗಿಯ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿ ತಮ್ಮ ಹೊರೆ ತಾವೇ ಹೊರಬೇಕು.